ಸಹಾಯ ಬೇಕು: ಎಚ್‌ಬಿಎ1ಸಿ ಅನ್‌ಸರ್ಟನಿಟಿ ಲೆಕ್ಕ ಹೆಂಗೆ?

ಎಲ್ಲರಿಗೂ ನಮಸ್ಕಾರ, ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದೀನಿ, ಐಎಸ್‌ಒ 15189ಗೆ (ಮೆಡಿಕಲ್ ಲ್ಯಾಬ್‌ಗಳ ಗುಣಮಟ್ಟದ ಸ್ಟ್ಯಾಂಡರ್ಡ್) ರೆಡಿ ಮಾಡ್ಕೊಳ್ತಾ ಇದೀವಿ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಮೆಷರ್‌ಮೆಂಟ್ ಅನ್‌ಸರ್ಟನಿಟಿ, ಅಂದ್ರೆ ರಿಸಲ್ಟ್ ಎಷ್ಟು ಆಚೀಚೆ ಇರ್ಬಹುದು ಅನ್ನೋ ಅಂದಾಜು, ನಾನೇ ತೆಗೀಬೇಕು. ಕ್ಯೂಸಿ (ಮಷೀನ್ ಸರಿ ಇದೆಯಾ ನೋಡೋಕೆ ಮತ್ತೆ ಮತ್ತೆ ಓಡಿಸೋ ಕಂಟ್ರೋಲ್ ಸ್ಯಾಂಪಲ್) ಡೇಟಾದಲ್ಲಿ 6.5ರ ಹತ್ರದ ಲೆವೆಲ್‌ಗೆ ಸಿವಿ (ಸರಾಸರಿಗೆ ಹೋಲಿಸಿದ್ರೆ ಏರಿಳಿತ ಎಷ್ಟು ಶೇಕಡಾ ಅನ್ನೋದು) 2% ಬಂತು, ಕೆ=2 (ಸುಮಾರು 95% ಭರವಸೆಗೆ ಗುಣಿಸೋ ಸಂಖ್ಯೆ) ಹಾಕಿದ್ರೆ 4%, ಅಂದ್ರೆ 6.5 ಅಂತ ರಿಪೋರ್ಟ್ ಹೋದೋರ್ದು 6.24ರಿಂದ 6.76ರೊಳಗೆ ಎಲ್ಲಾದ್ರೂ ಇರ್ಬಹುದು. ಶುಗರ್ ಇದೆ ಅಂತ ಹೇಳೋ ಗೆರೆನೇ 6.5, ಅದಕ್ಕೇ ಆಡಿಟ್‌ಗೋಸ್ಕರ ಕಾಟಾಚಾರಕ್ಕೆ ಒಂದು ನಂಬರ್ ಬರೆದಿಡೋಕೆ ಮನಸ್ಸಿಲ್ಲ. ಕ್ಯಾಲಿಬ್ರೇಟರ್ (ಮಷೀನ್ ಹೊಂದಿಸೋಕೆ ಬಳಸೋ, ವ್ಯಾಲ್ಯೂ ಗೊತ್ತಿರೋ ಸ್ಯಾಂಪಲ್) ಸರ್ಟಿಫಿಕೇಟಲ್ಲಿರೋ ಅನ್‌ಸರ್ಟನಿಟಿನೂ ಕೆ=2 ವ್ಯಾಲ್ಯೂ, ಅದನ್ನ ಅರ್ಧ ಮಾಡಿ, ಸಿವಿದೂ ಅದರದ್ದೂ ವರ್ಗ ಕೂಡಿಸಿ ವರ್ಗಮೂಲ ತಗೊಂಡು ಆಮೇಲೆ ಎರಡರಿಂದ ಗುಣಿಸ್ಬೇಕು ಅಲ್ವಾ? ಇನ್ನೊಂದು, ಮಧ್ಯದಲ್ಲಿ ಕ್ಯೂಸಿ ಲಾಟ್ (ಬ್ಯಾಚ್) ಬದಲಾಗಿ ಮೀನ್ (ಸರಾಸರಿ) 6.4ರಿಂದ 6.6ಗೆ ಹೋಗಿದೆ, ಎಲ್ಲಾ ಸೇರಿಸಿ ಸಿವಿ ತೆಗೆದ್ರೆ ಸುಮ್ಸುಮ್ನೆ ಜಾಸ್ತಿ ಬರ್ತದೆ ಅನ್ಸ್ತದೆ, ಲಾಟ್‌ವಾರು ಬೇರೆ ಬೇರೆ ತೆಗೆದು ಆಮೇಲೆ ಪೂಲ್ ಮಾಡ್ಬೇಕಾ (ಒಟ್ಟುಗೂಡಿಸ್ಬೇಕಾ)? ಎಕ್ಸೆಲ್ ಶೀಟ್ ಇದ್ರೆ ದಯವಿಟ್ಟು ಹಾಕಿ ಸರ್, ಮೇಡಂ.