ಡಾಕ್ಟರರಿಗೆ ಕೇಳಿ: ಬಿ ಕೋಶವಿಲ್ಲದ ಮಗುವಿಗೆ ಟಿ ಕೋಶದ ನೆನಪೂ ಕಡಿಮೆಯೇ?

ಸಿಂಧನೂರಿನ ತಾಯಿ: ಮಗನಿಗೆ ಆರು ವರ್ಷ. ಎಕ್ಸ್‌ಎಲ್‌ಎ ಕಾಯಿಲೆ, ಅಂದರೆ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಹುಟ್ಟಿನಿಂದಲೇ ಇಲ್ಲ. ನಾಲ್ಕು ವಾರಕ್ಕೊಮ್ಮೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಹಾಕಿಸುತ್ತೇವೆ. ಬಿ ಕೋಶ ಮಾತ್ರ ಇಲ್ಲ, ಸೋಂಕಿನ ವಿರುದ್ಧ ಹೋರಾಡುವ ಇನ್ನೊಂದು ಬಿಳಿ ರಕ್ತಕಣವಾದ ಟಿ ಕೋಶ ಸರಿಯಿದೆ ಎಂದಿದ್ದರು. ಹೊಸ ವರದಿಯಲ್ಲಿ ಸಿಡಿ3 (ಟಿ ಕೋಶ) ಸರಿ, ಸಿಡಿ19 (ಬಿ ಕೋಶ) ಸೊನ್ನೆ, ಆದರೆ ಮೆಮೊರಿ ಟಿ ಕೋಶ (ಹಿಂದೆ ಕಂಡ ರೋಗಾಣುವನ್ನು ನೆನಪಿಡುವವು) ಕಡಿಮೆ ಎಂದಿದೆ. ಇದು ಎರಡನೆಯ ಕಾಯಿಲೆಯೇ?

ಮಾನ್ವಿಯ ಸದಸ್ಯ: ಮೆಮೊರಿಗೆ ಒಂದೆಲಗದ ರಸ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೊಡಿ. ಈ ಸಂದೇಶವನ್ನು ಹತ್ತು ಜನರಿಗೆ ಕಳಿಸಿ.

ಡಾಕ್ಟರ್ (ಬಳ್ಳಾರಿ): ಟಿ ಕೋಶದ ನೆನಪಿಗೂ ಮಗ್ಗಿಯ ನೆನಪಿಗೂ ಸಂಬಂಧವಿಲ್ಲ. ಯಾರಿಗೂ ಕಳಿಸಬೇಡಿ.

ತಾಯಿಯವರೇ, ಎರಡನೆಯ ಕಾಯಿಲೆಯೆಂದು ಗಾಬರಿಯಾಗಬೇಡಿ. ಮೊದಲನೆಯದೇ ಟಿ ಕೋಶದವರೆಗೆ ಕೈ ಚಾಚಿದೆ. 1952ರಲ್ಲಿ ಅಮೆರಿಕದ ವೈದ್ಯ ಬ್ರೂಟನ್ ಎಂಟು ವರ್ಷದ ಹುಡುಗನೊಬ್ಬನ ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್ (ಪ್ರತಿಕಾಯಗಳಿರುವ ಪ್ರೋಟೀನು) ಇಲ್ಲದ್ದನ್ನು ಕಂಡರು. ಈ ಕಾಯಿಲೆಗೆ ಕಾರಣವಾದ ಬಿಟಿಕೆ ವಂಶವಾಹಿಯ ದೋಷ ಗೊತ್ತಾದದ್ದು 1993ರಲ್ಲಿ. ನಾವೆಲ್ಲ ಇದನ್ನು ಪ್ರತಿಕಾಯದ ಕಾಯಿಲೆ ಎಂದೇ ಓದಿ ಬಂದವರು. ಆದರೆ ಬಿ ಕೋಶದ ಕೆಲಸ ಪ್ರತಿಕಾಯಕ್ಕೇ ಮುಗಿಯುವುದಿಲ್ಲ. ಅದು ರೋಗಾಣುವಿನ ತುಣುಕನ್ನು ಸಿಡಿ4 ಟಿ ಕೋಶಕ್ಕೆ (ಬೇರೆ ಕೋಶಗಳಿಗೆ ನೆರವಾಗುವ ಟಿ ಕೋಶ) ತೋರಿಸುತ್ತದೆ, ಐಕೋಸ್ ಲಿಗ್ಯಾಂಡ್‌ನಂಥ ಅಣುಗಳಿಂದ ಅದನ್ನು ಹುರಿದುಂಬಿಸುತ್ತದೆ. ಬಿ ಕೋಶವಿಲ್ಲದ ದುಗ್ಧಗ್ರಂಥಿಯಲ್ಲಿ ಜರ್ಮಿನಲ್ ಸೆಂಟರ್ (ಬಿ ಕೋಶಗಳು ಪಳಗುವ ತಾಣ) ಕಟ್ಟುವುದಿಲ್ಲ. ಅಲ್ಲಿ ಬೆಳೆದು ಬಿ ಕೋಶಕ್ಕೆ ನೆರವಾಗಬೇಕಾದ ಫಾಲಿಕ್ಯುಲರ್ ಹೆಲ್ಪರ್ ಟಿ ಕೋಶಗಳು ಸೊರಗುತ್ತವೆ, ಸಿಡಿ4 ಮೆಮೊರಿ ಕೋಶಗಳೂ ಇಳಿಯುತ್ತವೆ.

ನಿಮ್ಮದು ಭತ್ತದ ಸೀಮೆ. ಟಿ ಕೋಶವನ್ನು ಪೈರು ಎಂದುಕೊಳ್ಳಿ. ಮೊಳಕೆ ಬರಿಸುವುದು ಡೆಂಡ್ರೈಟಿಕ್ ಕೋಶ (ರೋಗಾಣುವನ್ನು ಹಿಡಿದು ಟಿ ಕೋಶಕ್ಕೆ ಮೊದಲು ತೋರಿಸುವ ಕೋಶ), ಆಮೇಲೆ ನೀರುಣಿಸುವುದು ಬಿ ಕೋಶ. ಕಾಲುವೆಯ ಕೊನೆಯ ಗದ್ದೆಗೆ ನೀರು ಅರೆಬರೆ ತಲುಪಿದರೆ ಪೈರು ಸಾಯುವುದಿಲ್ಲ, ಕಾಳು ಕಡಿಮೆ ಕಟ್ಟುತ್ತದೆ. ಬಿ ಕೋಶವಿಲ್ಲದವರಲ್ಲಿಯೂ ಕೋವಿಡ್ ಲಸಿಕೆಗೆ ಟಿ ಕೋಶಗಳು ಪ್ರತಿಕ್ರಿಯಿಸಿದ್ದು ಹಾಗೆಯೇ.

ನನಗೆ ಕುತೂಹಲ ಹುಟ್ಟಿಸುವುದು ರೋಗನಿರೋಧಕ ಶಕ್ತಿಯ ಇನ್ನೊಂದು ಹುಟ್ಟುಕಾಯಿಲೆಯಾದ ಹೈಪರ್ ಐಜಿಎಂನ ಸಾಮಾನ್ಯ ಬಗೆಯ ಮಕ್ಕಳು. ಅವರಲ್ಲಿ ಬಿ ಕೋಶವಿದೆ, ಬಿ ಕೋಶದೊಡನೆ ಮಾತಾಡಲು ಟಿ ಕೋಶದ ಮೇಲಿರಬೇಕಾದ ಸಿಡಿ40 ಲಿಗ್ಯಾಂಡ್ ಎಂಬ ಅಣು ಇಲ್ಲ. ಮಾತುಕತೆ ಆ ಕಡೆಯಿಂದ ಕಡಿದುಹೋದರೂ ಅದೇ ಹೆಲ್ಪರ್ ಕೋಶಗಳು ಕುಗ್ಗುತ್ತವೆ!

ಇನ್ನೊಂದು ಮಾತು. ಮಕ್ಕಳಲ್ಲಿ ಮೆಮೊರಿ ಕೋಶ ಸಹಜವಾಗಿಯೇ ದೊಡ್ಡವರಿಗಿಂತ ಕಡಿಮೆ. ವರದಿಯವರು ಯಾರ ಅಳತೆಗೆ ಹೋಲಿಸಿದ್ದಾರೆ ನೋಡಿ.

ಮಾನ್ವಿಯ ಸದಸ್ಯ: ಕೊನೆಯ ಗದ್ದೆಗೆ ಅರೆಬರೆ ನೀರೇ? ನಮ್ಮ ಕಡೆ ಹನಿಯೂ ಬರುವುದಿಲ್ಲ ಡಾಕ್ಟರರೇ. ಮೇಲಿನವರು ಬಿಟ್ಟರೆ ತಾನೆ?

ಗಂಗಾವತಿಯ ಸದಸ್ಯ: ಮೇಲಿನವರು ಎಂದರೆ ಯಾರು? ಹೆಸರು ಹಿಡಿದು ಹೇಳಿ. ನಮಗೂ ಎರಡನೆಯ ಬೆಳೆಗೆ ನೀರಿಲ್ಲ.

ಮಾನ್ವಿಯ ಸದಸ್ಯ: ರಾತ್ರಿ ಪಂಪ್‌ಸೆಟ್ ಹಚ್ಚುವವರಿಗೆ ಗೊತ್ತು.

ಕೊಪ್ಪಳದ ಸದಸ್ಯೆ: ಇಮ್ಯುನಿಟಿಗೆ ಕತ್ತೆ ಹಾಲು ಒಳ್ಳೆಯದಂತೆ. ಓಣಿಗೆ ಮಾರಲು ಬಂದಿದ್ದಾರೆ. ಒಂದು ಒಳಲೆ ಹಾಕಬಹುದೇ?

ಡಾಕ್ಟರ್: ಬೇಡ. ಹಸಿ ಹಾಲು ಯಾವುದೇ ಪ್ರಾಣಿಯದಾಗಿರಲಿ, ಪ್ರತಿಕಾಯವಿಲ್ಲದ ಮಗುವಿಗೆ ಅಪಾಯ. ಅಮೃತಬಳ್ಳಿಯ ಬಗ್ಗೆ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದರಿಂದ ಯಕೃತ್ತು ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ.

ಸಿರುಗುಪ್ಪದ ಸದಸ್ಯ: ಸೋದರಿಕೆಯಲ್ಲಿ ಮದುವೆಯಾದರೆ ಇದೇ ಗತಿ.

ಡಾಕ್ಟರ್: ಎಕ್ಸ್‌ಎಲ್‌ಎಗೆ ಸೋದರಿಕೆ ಬೇಕಿಲ್ಲ. ದೋಷ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಗುವಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ. ತಿಳಿಯದೆ ತೀರ್ಪು ಕೊಡಬೇಡಿ.

ರಾಯಚೂರಿನ ಸದಸ್ಯೆ: ಈ ಕೋಶಗಳ ಎಣಿಕೆ ನಮ್ಮ ಊರಿನಲ್ಲಿಯೇ ಮಾಡುತ್ತಾರೆಯೇ? ಖರ್ಚೆಷ್ಟು?

ಕೊಪ್ಪಳದ ಸದಸ್ಯೆ: ಕಾಯಿಸಿದ ಕತ್ತೆ ಹಾಲು?

ಲಿಂಗಸುಗೂರಿನ ಸದಸ್ಯ: ನನ್ನ ಮಗನಿಗೂ ಎಕ್ಸ್‌ಎಲ್‌ಎ. ತಂಗಿಗೆ ಪೋಲಿಯೊ ಹನಿ ಹಾಕಿಸಬಹುದೇ?

ಡಾಕ್ಟರ್: ಮೂರನೆಯ ಬಾರಿ ಬರೆಯುತ್ತಿದ್ದೇನೆ. ಹನಿಯಲ್ಲಿರುವುದು ಜೀವಂತ ವೈರಸ್. ಅವನಿಗೂ ಬೇಡ, ಒಂದೇ ಮನೆಯಲ್ಲಿರುವ ತಂಗಿಗೂ ಬೇಡ. ಇಬ್ಬರಿಗೂ ಚುಚ್ಚುಮದ್ದು ಮಾತ್ರ. ಹಳೆಯ ಉತ್ತರಗಳನ್ನು ಓದಿ.

ಗಂಗಾವತಿಯ ಸದಸ್ಯ: ಪಂಪ್‌ಸೆಟ್ ಎಂದವರು ಕ್ಷಮೆ ಕೇಳಬೇಕು.

ಸಿಂಧನೂರಿನ ತಾಯಿ: ಕ್ಷಮಿಸಿ, ನೀವು ಮಗ್ಗಿ ಎಂದಿರಿ, ಅದಕ್ಕೆ ಹೇಳುತ್ತೇನೆ. ಎರಡು ತಿಂಗಳಿಂದ ಇವನು ಬರುತ್ತಿದ್ದ ಮಗ್ಗಿಯನ್ನೇ ಮರೆಯುತ್ತಿದ್ದಾನೆ. ಎಡಗಾಲು ಎಳೆಯುತ್ತಾನೆ. ಚಪ್ಪಲಿ ಸಡಿಲವಿರಬೇಕು ಎಂದುಕೊಂಡೆವು. ಜ್ವರವಿಲ್ಲ.

ಡಾಕ್ಟರ್: ಮೆಮೊರಿ ಕೋಶದ ವರದಿಯನ್ನು ಪಕ್ಕಕ್ಕಿಡಿ. ನನಗೆ ಚಿಂತೆ ಹುಟ್ಟಿಸುವುದು ಇದು. ಪ್ರತಿಕಾಯವಿಲ್ಲದ ಮಕ್ಕಳ ಮಿದುಳಿನಲ್ಲಿ ಎಂಟೆರೋವೈರಸ್ (ಪೋಲಿಯೊ ಬಳಗದ ವೈರಸ್) ಜ್ವರವಿಲ್ಲದೆಯೇ ನಿಧಾನವಾಗಿ ಬೇರೂರಬಹುದು. ಐವಿಐಜಿ ಪಡೆಯುವವರಲ್ಲಿಯೂ ಹೀಗಾದದ್ದುಂಟು. ಅದೇ ಎಂದು ಈಗಲೇ ಹೇಳುತ್ತಿಲ್ಲ. ಆದರೆ ಮುಂದಿನ ಐವಿಐಜಿಯವರೆಗೆ ಕಾಯಬೇಡಿ. ನರರೋಗ ತಜ್ಞರು ನೋಡಬೇಕು, ಎಂಆರ್‌ಐ ಆಗಬೇಕು, ಬೆನ್ನುಹುರಿಯ ದ್ರವದಲ್ಲಿ ವೈರಸ್ಸಿನ ಪಿಸಿಆರ್ ಆಗಬೇಕು. ನಿಮಗೆ ಬೇರೆಯಾಗಿ ಸಂದೇಶ ಕಳಿಸಿದ್ದೇನೆ, ಈಗಲೇ ನೋಡಿ.

ಮಾನ್ವಿಯ ಸದಸ್ಯ: ಕ್ಷಮೆ ಏಕೆ ಕೇಳಲಿ? ಕಾಲುವೆಯ ಗೇಜ್ ನೋಡಲು ಬನ್ನಿ.

ಡಾಕ್ಟರ್: ಇಬ್ಬರೂ ಸುಮ್ಮನಿರಿ.

ಸಿಂಧನೂರಿನ ತಾಯಿ: ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಏನೇನು ತರಬೇಕು?

ಡಾಕ್ಟರ್: ಐಜಿಜಿ (ರಕ್ತದ ಮುಖ್ಯ ಪ್ರತಿಕಾಯ) ಮಟ್ಟದ ವರದಿಗಳೆಲ್ಲ. ಎಂದಾದರೂ ಪೋಲಿಯೊ ಹನಿ ಹಾಕಿಸಿದ್ದರೆ ಆ ದಿನಾಂಕ. ಚಪ್ಪಲಿಯನ್ನೂ ತನ್ನಿ, ಸವೆದ ಬದಿ ನೋಡಬೇಕು.