ಬೂಷ್ಟು ಹಿಡಿದ ಕಡಲೆಬೀಜ ಹುರಿದರೆ ಸರಿಹೋಗುತ್ತಾ?

ಶಿರಾ_ಸೊಸೆ:
ಎಲ್ಲರಿಗೂ ನಮಸ್ಕಾರ. ಊರಿಂದ ಒಂದು ಮೂಟೆ ಕಡಲೆಕಾಯಿ ಬಂದಿದೆ. ಕಿತ್ತ ಮೇಲೆ ಮಳೆಗೆ ಸಿಕ್ಕಿ, ಆಮೇಲೆ ಒಣಗಿಸಿದ್ದಂತೆ. ಬಿಡಿಸುತ್ತಾ ಕೂತರೆ ಅಲ್ಲೊಂದು ಇಲ್ಲೊಂದು ಬೀಜದ ಮೇಲೆ ಹಳದಿ ಹಸಿರು ಪುಡಿ ಕಾಣುತ್ತಿದೆ, ಕೆಲವು ಸುಕ್ಕಾಗಿ ಕಪ್ಪಗಾಗಿವೆ. ತೊಳೆದು ಒಣಗಿಸಿ ಚೆನ್ನಾಗಿ ಹುರಿದರೆ ಏನೂ ಆಗಲ್ಲ, ಚಟ್ನಿಪುಡಿ ಮಾಡೋಣ ಅಂತ ಅತ್ತೆ ಹೇಳುತ್ತಿದ್ದಾರೆ. ನನಗೆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಅನ್ನೋ ವಿಷದ ಭಯ, ಮನೆಯಲ್ಲಿ ಚಿಕ್ಕ ಮಗು ಇದೆ. ಅರ್ಧ ಮೂಟೆ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿ, ಹಿಂಡಿಯನ್ನು ಹಸುವಿಗೆ ಕೊಡುವ ಯೋಚನೆಯೂ ಇದೆ. ಯುವಿ ಟಾರ್ಚ್ ಹಾಕಿ ನೋಡಿದರೆ ಕೆಟ್ಟ ಬೀಜ ಹೊಳೆಯುತ್ತೆ ಅಂತಾರಲ್ಲ, ಅದು ನಿಜಾನಾ? ತಿಳಿದವರು ಹೇಳಿ.

ಲ್ಯಾಬ್_ಕೋಟು:
ಮೇಡಂ, ನಾನು ಆಹಾರ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೊದಲು ಹುರಿಯುವ ವಿಷಯ. ಬೂಷ್ಟು ಬೆಂಕಿಗೆ ಸಾಯುತ್ತದೆ, ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ಈ ವಿಷಗಳಲ್ಲಿ ಒಂದಾದ ಅಫ್ಲಾಟಾಕ್ಸಿನ್ ಬಿ1 ಕರಗುವುದೇ ಸುಮಾರು 268 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಾವು ಬೀಜ ಹುರಿಯುವ ಬಿಸಿ ಅದಕ್ಕಿಂತ ಎಷ್ಟೋ ಕಡಿಮೆ. ಹುರಿದಾಗ ಸ್ವಲ್ಪ ಭಾಗ ಹಾಳಾಗುತ್ತದೆ ನಿಜ, ಆದರೆ ಉಳಿದದ್ದು ಎಷ್ಟು ಅಂತ ರುಚಿಯಲ್ಲಿ ವಾಸನೆಯಲ್ಲಿ ಗೊತ್ತಾಗಲ್ಲ. ತೊಳೆದರೂ ಹೋಗಲ್ಲ, ಅದು ಬೀಜದ ಒಳಗೇ ಸೇರಿರುತ್ತದೆ. ನೆನೆದ ಬೀಜ ಸರಿಯಾಗಿ ಒಣಗದಿದ್ದರೆ ಇನ್ನೂ ಕಷ್ಟ.

ಟಾರ್ಚ್ ವಿಷಯ ಅರ್ಧ ನಿಜ. ಈ ವಿಷಗಳಿಗೆ ಬಿ, ಜಿ ಅಂತ ಹೆಸರು ಬಂದದ್ದೇ ಯುವಿ ಬೆಳಕಲ್ಲಿ ಒಂದು ನೀಲಿ, ಇನ್ನೊಂದು ಹಸಿರು ಹೊಳೆಯುತ್ತದೆ ಎಂಬ ಕಾರಣಕ್ಕೆ. ಆದರೆ ನಾವು ಬೀಜ ಪುಡಿ ಮಾಡಿ, ದ್ರಾವಕದಲ್ಲಿ ವಿಷವನ್ನು ಹೊರತೆಗೆದು, ಬೇರ್ಪಡಿಸಿದ ಮೇಲೆ ಆ ಹೊಳಪು ನೋಡುತ್ತೇವೆ. ಮನೆಯಲ್ಲಿ ಬೀಜದ ಮೇಲೆ ಟಾರ್ಚ್ ಬಿಟ್ಟು ಹೊಳೆಯಲಿಲ್ಲ ಅಂತ ಧೈರ್ಯ ಮಾಡಿ ತಿನ್ನಬೇಡಿ.

ಇನ್ನೊಂದು ತಲೆನೋವು ಏನೆಂದರೆ, ವಿಷ ಮೂಟೆಯಲ್ಲಿ ಸಮವಾಗಿ ಹರಡಿರುವುದಿಲ್ಲ. ಸಾವಿರ ಬೀಜ ಪೂರ್ತಿ ಚೆನ್ನಾಗಿದ್ದು, ಒಂದೇ ಒಂದು ಬೀಜದಲ್ಲಿ ಇಡೀ ಕೆಜಿಯನ್ನು ಮಿತಿ ದಾಟಿಸುವಷ್ಟು ಇರಬಹುದು. ನೇರವಾಗಿ ತಿನ್ನುವ ಕಡಲೆಬೀಜಕ್ಕೆ ನಮ್ಮ ದೇಶದ ಮಿತಿ ಕೆಜಿಗೆ 10 ಮೈಕ್ರೋಗ್ರಾಂ. ಯುರೋಪಿನವರು 4 ಇಟ್ಟಿದ್ದಾರೆ, ನಮ್ಮ ರಫ್ತು ಲೋಡುಗಳು ಅಲ್ಲಿ ವಾಪಸ್ ಆಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಒಂದು ಹಿಡಿ ತಂದು ಟೆಸ್ಟ್ ಮಾಡಿಸಿದರೆ ಅದು ಆ ಹಿಡಿಯ ಫಲಿತಾಂಶ ಅಷ್ಟೇ, ಮೂಟೆಯದ್ದಲ್ಲ.

ಚಳ್ಳಕೆರೆ_ರೈತ:
ಸರ್ ಹೇಳಿದ್ದು ಸರಿ. ಬೆಳೆಯುವವನಾಗಿ ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಗೋಡೌನ್ ಮೇಲೆ ತಪ್ಪು ಹೊರಿಸುತ್ತಾರೆ, ಆದರೆ ಈ ಬೂಷ್ಟು ಮಣ್ಣಲ್ಲೇ ಇರುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಭೂಮಿ ಕಾದರೆ ಒಳಗೇ ಹತ್ತಿಕೊಳ್ಳುತ್ತದೆ. ಕಿತ್ತ ಮೇಲೆ ಮಳೆ ಬಂದರೆ ಇನ್ನೂ ಜಾಸ್ತಿ. ಬಳ್ಳಿ ಕಿತ್ತು ಕಾಯಿ ಮೇಲಾಗಿ ತಿರುಗಿಸಿ ಒಣಗಿಸಬೇಕು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು, ಆಮೇಲೆ ಮೂಟೆ. ತೇವ ಬೀಜದಲ್ಲಿ 7-8 ಪರ್ಸೆಂಟ್‌ಗಿಂತ ಕೆಳಗಿರಬೇಕು ಅಂತ ಕೃಷಿ ಇಲಾಖೆಯವರು ಹೇಳುತ್ತಲೇ ಇರುತ್ತಾರೆ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಮಿಷನ್‌ನಲ್ಲಿ ಸಿಪ್ಪೆ ಬಿಡಿಸುವಾಗ ಬೀಜ ಒಡೆಯದಿರಲಿ ಅಂತ ಕಾಯಿಗೆ ನೀರು ಚಿಮುಕಿಸುತ್ತಾರೆ. ಅಷ್ಟು ಕಷ್ಟಪಟ್ಟು ಒಣಗಿಸಿದ್ದು ಒಂದು ಕೊಡ ನೀರಿಗೆ ಹೋಯಿತು! ಆ ಒದ್ದೆ ಬೀಜವನ್ನೇ ಚೀಲಕ್ಕೆ ತುಂಬಿ ಇಟ್ಟರೆ ಬೂಷ್ಟು ಬಾರದೆ ಇನ್ನೇನು ಬರುತ್ತೆ? ತೂಕವೂ ಬರುತ್ತಲ್ಲ, ಅದಕ್ಕೇ ಯಾರೂ ಬೇಡ ಅನ್ನಲ್ಲ.

ಅಕ್ಕ, ನೀವು ಮಾಡಬೇಕಾದ್ದು ಆರಿಸುವುದು. ತಟ್ಟೆಯಲ್ಲಿ ಹರಡಿ ಸುಕ್ಕಾದ, ಬಣ್ಣ ಕೆಟ್ಟ, ಒಡೆದ, ಹುಳು ಕೊರೆದ ಬೀಜ ಎಲ್ಲ ತೆಗೆಯಿರಿ. ವಿಷದ ಬಹುಪಾಲು ಅಂಥವುಗಳಲ್ಲೇ ಇರುತ್ತದೆ. ಮುಗ್ಗಲು ವಾಸನೆ ಇಡೀ ಮೂಟೆಗೇ ಹತ್ತಿದ್ದರೆ ಆರಿಸಲೂ ಹೋಗಬೇಡಿ.

ಡ್ಯೂಟಿ_ಡಾಕ್ಟರ್:
ಮಗು ಇದೆ ಅಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಸಲ ಒಂದು ಕೆಟ್ಟ ಬೀಜ ಬಾಯಿಗೆ ಬಂತು ಅಂತ ಗಾಬರಿ ಬೇಡ, ಕಹಿ ಅನ್ನಿಸಿದರೆ ಉಗಿದುಬಿಡಿ. ಇದು ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ತಿಂದಾಗ ಕಾಡುವ ವಿಷ. ಲಿವರ್ ಇದನ್ನು ಹೊರಹಾಕಲು ಹೋಗಿ ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುತ್ತದೆ, ಅದು ಡಿಎನ್‌ಎಗೆ ಅಂಟಿಕೊಂಡು ಪಿ53 ಎಂಬ ಕಾವಲು ಜೀನ್‌ನ ಒಂದು ಗೊತ್ತಾದ ಜಾಗದಲ್ಲೇ ಕೆಡಿಸುತ್ತದೆ. ಲಿವರ್ ಕ್ಯಾನ್ಸರ್ ಬರುವುದು ಈ ದಾರಿಯಲ್ಲಿ. ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಇರುವವರಿಗೆ ಈ ವಿಷದ ಅಪಾಯ ಇಲ್ಲದವರಿಗಿಂತ ಸುಮಾರು 30 ಪಟ್ಟು. ಹಾಗಾಗಿ ಮಗುವಿನ ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ ನೋಡಿಕೊಳ್ಳಿ, ಇದಕ್ಕಿಂತ ದೊಡ್ಡ ರಕ್ಷಣೆ ನಿಮ್ಮ ಕೈಯಲ್ಲಿ ಬೇರೆ ಇಲ್ಲ.

ಒಟ್ಟಿಗೆ ಜಾಸ್ತಿ ಹೊಟ್ಟೆಗೆ ಹೋದರೆ ಆಗುವುದೇ ಬೇರೆ. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ, ಗುಜರಾತಿನ ಪಂಚಮಹಲ್ ಕಡೆ ಅಕಾಲ ಮಳೆಗೆ ಮೆಕ್ಕೆಜೋಳ ನೆನೆದು ಬೂಷ್ಟು ಹಿಡಿಯಿತು. ಬಡವರು ಬೇರೆ ಗತಿಯಿಲ್ಲದೆ ಅದನ್ನೇ ತಿಂದರು. ಕಾಮಾಲೆ, ಹೊಟ್ಟೆಯಲ್ಲಿ ನೀರು. 106 ಜನ ಹೋದರು. ಅದೇ ಜೋಳ ತಿಂದ ಮನೆ ನಾಯಿಗಳಿಗೂ ಹೊಟ್ಟೆ ಊದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಹೋಗಿ ಕಾರಣ ಹುಡುಕಿದರು.

ಶಿರಾ_ಸೊಸೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅತ್ತೆಗೆ ಇದನ್ನೇ ಓದಿ ಹೇಳಿದೆ, ಇಬ್ಬರೂ ಕೂತು ಆರಿಸುತ್ತಿದ್ದೇವೆ. ಎಣ್ಣೆ, ಹಿಂಡಿ ಬಗ್ಗೆ ಯಾರೂ ಹೇಳಲಿಲ್ಲ. ಆರಿಸಿ ತೆಗೆದದ್ದನ್ನು ಕೋಳಿಗೆ ಹಾಕಬಹುದಾ?

ಲ್ಯಾಬ್_ಕೋಟು:
ಬೇಡ ಮೇಡಂ, ಖಂಡಿತ ಬೇಡ. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ, ಅದಕ್ಕೆ ಟರ್ಕಿ ಎಕ್ಸ್ ರೋಗ ಅಂತ ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ.

ಗಾಣದಲ್ಲಿ ಹಿಂಡಿದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಒಂದಿಷ್ಟು ಎಣ್ಣೆಗೂ ಬರುತ್ತದೆ. ಕಾರ್ಖಾನೆಯ ರಿಫೈನಿಂಗ್‌ನಲ್ಲಿ ಕ್ಷಾರ ಹಾಕಿ, ಬಣ್ಣ ತೆಗೆಯುವಾಗ ಅದು ಬಹುತೇಕ ಹೋಗುತ್ತದೆ, ಗಾಣದ ಎಣ್ಣೆಗೆ ಆ ಹಂತ ಇಲ್ಲ. ನಾನೂ ಗಾಣದೆಣ್ಣೆಯನ್ನೇ ಬಳಸುವವನು, ಅದಕ್ಕೇ ಒತ್ತಿ ಹೇಳುತ್ತೇನೆ: ಗಾಣಕ್ಕೆ ಹಾಕುವ ಬೀಜ ತಿನ್ನುವ ಬೀಜದಷ್ಟೇ ಚೆನ್ನಾಗಿರಬೇಕು. ಕೆಟ್ಟದ್ದನ್ನೆಲ್ಲ ಗಾಣಕ್ಕೆ ತಳ್ಳುವ ರೂಢಿ ನಿಲ್ಲಬೇಕು.

ಹಸು ಕೆಟ್ಟ ಹಿಂಡಿ ತಿಂದರೆ ಈ ವಿಷ ಒಂದು ದಿನದೊಳಗೆ ಹಾಲಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ರೂಪದಲ್ಲಿ ಕಾಣಿಸುತ್ತದೆ, ಕಾಯಿಸಿದರೂ ಹೋಗಲ್ಲ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ದೇಶದ 6,432 ಹಾಲಿನ ಸ್ಯಾಂಪಲ್ ನೋಡಿದಾಗ 368ರಲ್ಲಿ ಇದು ಮಿತಿ ದಾಟಿತ್ತು. ಹಾಲಿಗೆ ನೀರು ಬೆರೆಸುತ್ತಾರೆ ಅಂತ ಅಷ್ಟು ಕೂಗಾಡುತ್ತೇವೆ, ಹಿಂಡಿ ಎಂಥದ್ದು ಅಂತ ಯಾರೂ ಕೇಳಲ್ಲ. ಹಿಂಡಿ ಬದಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಸರಿಹೋಗುತ್ತದೆ.

ಆರಿಸಿ ತೆಗೆದದ್ದನ್ನು ದನ, ಕೋಳಿ, ನಾಯಿ ಬಾಯಿ ಹಾಕದ ಕಡೆ ಗುಂಡಿ ತೋಡಿ ಹೂತುಬಿಡಿ. ಆರಿಸುವಾಗ ಪುಡಿ ಹಾರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಗುವನ್ನು ಹತ್ತಿರ ಕೂರಿಸಿಕೊಳ್ಳಬೇಡಿ.