ಸಹಾಯ ಬೇಕ್ರಿ: ಹಳೇ ಪ್ಲೇಸ್ಟೇಷನ್ 2, ಹೊಸ ಟಿವಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಧಾರವಾಡದಾಂವ. ನಮ್ಮಣ್ಣನ ಪ್ಲೇಸ್ಟೇಷನ್ 2 (ಟಿವಿಗೆ ಹಚ್ಚಿ ಗೇಮ್ ಆಡೋ ಮಷೀನ್) ಅಟ್ಟದ ಮ್ಯಾಲಿಂದ ಇಳಿಸೇನಿ. ಹಳೇ ಡಬ್ಬಾ ಟಿವಿಗೆ ಹಚ್ಚಿದ್ರ ಛಲೋ ನಡೀತೈತಿ. ಹೊಸ ಟಿವಿಗೆ ಹಳದಿ-ಕೆಂಪು-ಬಿಳಿ ಪಿನ್ ಚುಚ್ಚಾಕ ಜಾಗಾನೇ ಇಲ್ಲ, ಬರೇ ಎಚ್‌ಡಿಎಂಐ (ಚಿತ್ರ, ಸೌಂಡ್ ಎರಡೂ ಒಂದೇ ಕೇಬಲ್‌ನ್ಯಾಗ ಬರೋ ಹೊಸ ನಮೂನಿ ಪೋರ್ಟ್) ಐತಿ.

ಆ ಮೂರು ಪಿನ್ನಿಂದ ಬರೋದನ್ನ ಎಚ್‌ಡಿಎಂಐಗೆ ಬದಲಿಸೋ ಎವಿ ಟು ಎಚ್‌ಡಿಎಂಐ ಕನ್ವರ್ಟರ್ ತಂದು ಯುಎಸ್‌ಬಿ ಪವರ್ ಕೊಟ್ಟೆ. ಅದರ ಮ್ಯಾಲಿನ ಸ್ವಿಚ್ 720, 1080 (ಚಿತ್ರದ ಗೆರಿ ಲೆಕ್ಕ) ಎರಡಕ್ಕೂ ಇಟ್ಟು ನೋಡೇನಿ. ಚಿತ್ರ ಬರ್ತೈತಿ, ಆದ್ರ ಅಕ್ಷರ ಎಲ್ಲಾ ಕಲಸಿದಂಗ. ಬಟನ್ ಒತ್ತಿದ್ರ ತಡಾ ಆಗ್ತೈತಿ. ಟಿವಿ ಸೆಟ್ಟಿಂಗ್‌ನ್ಯಾಗ ಗೇಮ್ ಮೋಡ್ ಹಾಕಿದ ಮ್ಯಾಲೆ ಸ್ವಲ್ಪ ಕಡಿಮಿ ಆತು, ಪೂರ್ತಿ ಹೋಗಿಲ್ಲ. ಹಳದಿ ವೈರ್ ಒಂದರಾಗೇ ಬಣ್ಣ, ಬೆಳಕು ಎರಡೂ ಕೂಡೇ ಹೋಗ್ತಾವಲ್ರಿ, ಮಸುಕಿಗೆ ಅದೂ ಒಂದು ಕಾರಣ.

ಬಣ್ಣ, ಬೆಳಕು ಬ್ಯಾರೆ ಬ್ಯಾರೆ ವೈರ್‌ನ್ಯಾಗ ಒಯ್ಯೋ ಹಸಿರು-ನೀಲಿ-ಕೆಂಪು ಕಾಂಪೊನೆಂಟ್ ಕೇಬಲ್ ಹಾಕಿ, ಅದಕ್ಕ ತಕ್ಕ ಕನ್ವರ್ಟರ್ ಹಚ್ಚಿ ಆಡಿದವರು ಯಾರರ ಅದೀರೇನ್ರಿ? ಹುಬ್ಬಳ್ಯಾಗ, ಗದಗದಾಗ ಎಲ್ಲಿ ಸಿಗ್ತಾವು? ಪಂಚಮಿಗೆ ಅಣ್ಣ ಊರಿಗೆ ಬರ್ತಾನ, ಅಷ್ಟ್ರೊಳಗ ಹಚ್ಚಿಡಬೇಕ್ರಿ.